ಹಳೆಯ ಗ್ರಾಫಿಕ್ಸ್ ಕಾರ್ಡು, ಹೊಸ ಗ್ರಾಫಿಕ್ಸ್ ಕಾರ್ಡು: ನ್ಯಾಯವಾದ ಹೋಲಿಕೆಯನ್ನು ತರಗತಿಯಲ್ಲಿ ಕಲಿಸುವ ಬಗೆ

ವಿಷಯ ಪ್ರವೇಶ

ಪ್ರೌಢಶಾಲೆಯ ಗಣಿತದಲ್ಲಿ ಅನುಪಾತ, ಸರಾಸರಿ, ಶೇಕಡಾವಾರು ಎಂಬ ಘಟಕಗಳಿವೆ. ವಿಜ್ಞಾನದಲ್ಲಿ ಶಕ್ತಿ, ಸಾಮರ್ಥ್ಯ, ಉಷ್ಣ ಎಂಬ ಘಟಕಗಳಿವೆ. ಇವೆಲ್ಲವನ್ನೂ ಒಂದೇ ವಸ್ತುವಿನ ಮೇಲೆ ತಂದು ನಿಲ್ಲಿಸುವ ಉದಾಹರಣೆ ಬೇಕೆಂದರೆ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಬಹಳ ಅನುಕೂಲ. ಬೋಧನಾಭ್ಯಾಸದ ಮೇಲ್ವಿಚಾರಣೆಗಾಗಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಶಾಲೆಗಳಿಗೆ ಹೋದಾಗಲೆಲ್ಲ ಕಂಪ್ಯೂಟರ್ ಬಗ್ಗೆ ಮಕ್ಕಳು ನನ್ನನ್ನು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಯಾವುದು ಫಾಸ್ಟ್?’

ಈ ಪ್ರಶ್ನೆಯ ಹಿಂದೆ ಆಟದ ಆಸೆಯ ಜೊತೆಗೆ ಹಣದ ಮಾತೂ ಇದೆ. ನಮ್ಮ ಊರುಗಳಲ್ಲಿ ಫೋಟೋ ಸ್ಟುಡಿಯೋ, ಫ್ಲೆಕ್ಸ್ ಮುದ್ರಣ, ಡಿಟಿಪಿ ಕೇಂದ್ರ ನಡೆಸುವ ಮನೆಗಳ ಮಕ್ಕಳು ತರಗತಿಯಲ್ಲಿ ಕುಳಿತಿರುತ್ತಾರೆ. ಮದುವೆಯ ವಿಡಿಯೋ ಸಂಕಲನಕ್ಕೆ ಸೆಕೆಂಡ್ ಹ್ಯಾಂಡ್ ಕಾರ್ಡು ಕೊಳ್ಳಬೇಕೋ, ಸಣ್ಣದಾದರೂ ಹೊಸದನ್ನೇ ಕೊಳ್ಳಬೇಕೋ ಎಂಬುದು ಆ ಮನೆಯ ಒಂದು ತಿಂಗಳ ದುಡಿಮೆಯ ಪ್ರಶ್ನೆ. ಶಾಲೆಗೆ ಯಾರಾದರೂ ಹಳೆಯ ಯಂತ್ರಗಳನ್ನು ದಾನ ಕೊಡುತ್ತೇವೆ ಎಂದಾಗ ಮುಖ್ಯೋಪಾಧ್ಯಾಯರ ಎದುರಿಗೂ ಇದೇ ಪ್ರಶ್ನೆ ಬರುತ್ತದೆ. ‘ಹೊಸದು ಒಳ್ಳೆಯದು’ ಅಥವಾ ‘ಹಳೆಯದು ಗಟ್ಟಿ’ ಎಂಬ ಮಾತಿನಿಂದ ಇದಕ್ಕೆ ಉತ್ತರ ಸಿಗದು. ಅಳೆಯಬೇಕು, ಭಾಗಿಸಬೇಕು, ಹೋಲಿಸಬೇಕು. ಹಾಗೆ ಹೋಲಿಸುವ ಕ್ರಮವನ್ನು ಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ.

ಕಾರ್ಡು ಮಾಡುವ ಕೆಲಸ

ಶಹಾಬಾದಿನ ಫರಸಿ ಹಾಸಿದ ನೆಲವನ್ನು ಮಕ್ಕಳು ದಿನವೂ ನೋಡುತ್ತಾರೆ. ಕಂಪ್ಯೂಟರಿನ ಪರದೆಯೂ ಅಂಥದೇ ನೆಲ. ಅದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿದ್ದರೆ ಒಟ್ಟು 20,73,600 ‘ಫರಸಿ’ಗಳಾದವು. ಚಿತ್ರ ಚಲಿಸುವಂತೆ ಕಾಣಬೇಕಾದರೆ ಇಡೀ ನೆಲವನ್ನು ಸೆಕೆಂಡಿಗೆ 60 ಸಲ ಹೊಸದಾಗಿ ಹಾಸಬೇಕು. ಅಂದರೆ ಒಂದು ಸೆಕೆಂಡಿಗೆ 12,44,16,000 ಚುಕ್ಕೆಗಳ ಬಣ್ಣವನ್ನು ಲೆಕ್ಕ ಹಾಕಬೇಕು.

ಕಂಪ್ಯೂಟರಿನ ಮುಖ್ಯ ಸಂಸ್ಕಾರಕ, ಅಂದರೆ ಸಿಪಿಯು, ಕೆಲವೇ ಮಂದಿ ನುರಿತ ಮೇಸ್ತ್ರಿಗಳಿದ್ದಂತೆ. ಕಷ್ಟದ ಕೆಲಸ ಕೊಟ್ಟರೂ ಮಾಡುತ್ತಾರೆ, ಆದರೆ ಸಂಖ್ಯೆಯಲ್ಲಿ ಕಡಿಮೆ. ಗ್ರಾಫಿಕ್ಸ್ ಕಾರ್ಡಿನಲ್ಲಿ ನೂರಾರು, ಸಾವಿರಾರು ಸರಳ ಕೆಲಸಗಾರರಿದ್ದಾರೆ. ಇವರನ್ನು ‘ಕೋರ್’ ಎನ್ನುತ್ತಾರೆ. ಪ್ರತಿಯೊಬ್ಬನೂ ಒಂದೊಂದು ಚುಕ್ಕೆಯನ್ನು ಹಿಡಿದು ಏಕಕಾಲಕ್ಕೆ ಕೆಲಸ ಮಾಡುತ್ತಾನೆ. ಎನ್‌ವಿಡಿಯಾ ಕಂಪನಿ 1999ರಲ್ಲಿ ಜಿಫೋರ್ಸ್ 256 ಎಂಬ ಕಾರ್ಡನ್ನು ಹೊರತಂದು ಅದನ್ನು ಜಗತ್ತಿನ ಮೊದಲ ‘ಜಿಪಿಯು’ ಎಂದು ಪ್ರಚಾರ ಮಾಡಿತು. ಆ ಹೆಸರೇ ಇಂದು ರೂಢಿಯಲ್ಲಿದೆ. 2006ರ ಜಿಫೋರ್ಸ್ 8800 ಜಿಟಿಎಕ್ಸ್ ಕಾರ್ಡಿನಲ್ಲಿ 128 ಕೋರ್‌ಗಳಿದ್ದವು. 2023ರ ಆರ್‌ಟಿಎಕ್ಸ್ 4060ರಲ್ಲಿ 3072 ಇವೆ.

ಹೆಸರಿನ ಸಂಖ್ಯೆಯೇ ಮೊದಲ ಬಲೆ

ಪಾಠದ ಆರಂಭದಲ್ಲಿ ಪೂರ್ವಜ್ಞಾನ ಪರೀಕ್ಷೆಗೆ ನಾನು ಮೂರು ಹೆಸರುಗಳನ್ನು ಕಪ್ಪುಹಲಗೆಯ ಮೇಲೆ ಬರೆಸುತ್ತೇನೆ: ಜಿಟಿಎಕ್ಸ್ 480, ಜಿಟಿಎಕ್ಸ್ 750 ಟಿಐ, ಜಿಟಿ 710. ‘ಯಾವುದು ಅತ್ಯಂತ ದುರ್ಬಲ?’ ಎಂದು ಕೇಳಿದರೆ ಹೆಚ್ಚಿನ ಮಕ್ಕಳು 480 ಎನ್ನುತ್ತಾರೆ. ಸಂಖ್ಯೆ ಚಿಕ್ಕದು, ಕಾರ್ಡೂ ಹಳೆಯದು ಎಂಬುದು ಅವರ ತರ್ಕ. ಚಿತ್ತಾಪುರ ತಾಲ್ಲೂಕಿನ ಒಂದು ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ‘ಏಳುನೂರು ನಾಲ್ಕುನೂರಕ್ಕಿಂತ ದೊಡ್ಡದಲ್ಲೇನ್ರಿ ಸರ್?’ ಎಂದು ನೇರವಾಗಿಯೇ ಕೇಳಿದಳು. ಪಾಠ ಮಾಡುತ್ತಿದ್ದ ಪ್ರಶಿಕ್ಷಣಾರ್ಥಿ ಕೂಡಲೇ ಉತ್ತರ ಹೇಳದೆ, ‘ಹತ್ತನೆಯ ತರಗತಿಯ ಮೂರನೆಯ ರೋಲ್ ನಂಬರಿನವನು ಒಂಬತ್ತನೆಯ ತರಗತಿಯ ಮೂವತ್ತನೆಯವನಿಗಿಂತ ಎತ್ತರವೋ?’ ಎಂದು ಮರುಪ್ರಶ್ನೆ ಹಾಕಿದ. ತರಗತಿಗೆ ವಿಷಯ ಹೊಳೆಯಿತು. ಇಂಥ ಮರುಪ್ರಶ್ನೆಯನ್ನು ಪಾಠಯೋಜನೆಯಲ್ಲಿ ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಹೆಸರಿನ ಮೊದಲ ಅಂಕಿ ತಲೆಮಾರನ್ನು ಹೇಳುತ್ತದೆ, ಉಳಿದ ಅಂಕಿಗಳು ಆ ತಲೆಮಾರಿನೊಳಗಿನ ಸ್ಥಾನವನ್ನು ಹೇಳುತ್ತವೆ. 480 ಎಂದರೆ ನಾಲ್ಕುನೂರರ ಸಾಲಿನಲ್ಲಿ ಮೇಲಿನದು. 710 ಎಂದರೆ ಏಳುನೂರರ ಸಾಲಿನಲ್ಲಿ ಕೆಳಗಿನದು. ಆದ್ದರಿಂದ ಹೆಸರಿನ ಸಂಖ್ಯೆಯನ್ನು ಅಳತೆಯ ಸಂಖ್ಯೆಯಂತೆ ಕೂಡುವುದಾಗಲಿ ಹೋಲಿಸುವುದಾಗಲಿ ಸಲ್ಲದು. ಕ್ರಮ ಸೂಚಿಸುವ ಸಂಖ್ಯೆ ಬೇರೆ, ಪ್ರಮಾಣ ಸೂಚಿಸುವ ಸಂಖ್ಯೆ ಬೇರೆ. ಗಣಿತ ಬೋಧನೆಯಲ್ಲಿ ಈ ಭೇದವನ್ನು ತೋರಿಸಲು ಇದಕ್ಕಿಂತ ಸುಲಭದ ಉದಾಹರಣೆ ನನಗೆ ಸಿಕ್ಕಿಲ್ಲ.

ಮೂರು ಕಾರ್ಡುಗಳ ಅಳತೆ

ಈಗ ಅಳತೆಗಳನ್ನು ನೋಡೋಣ. ಇವು ತಯಾರಕರು ಪ್ರಕಟಿಸಿದ ಅಂಕಿಗಳು.

ಜಿಟಿಎಕ್ಸ್ 480 (2010): 480 ಕೋರ್, ಕೋರ್‌ನ ವೇಗ 1401 ಮೆಗಾಹರ್ಟ್ಸ್, ಸ್ಮೃತಿ 1.5 ಗಿಗಾಬೈಟ್, ಸ್ಮೃತಿಯ ಸಾಗಣೆ ಸೆಕೆಂಡಿಗೆ 177.4 ಗಿಗಾಬೈಟ್, ವಿದ್ಯುತ್ 250 ವ್ಯಾಟ್.

ಜಿಟಿಎಕ್ಸ್ 750 ಟಿಐ (2014): 640 ಕೋರ್, 1020 ಮೆಗಾಹರ್ಟ್ಸ್, 2 ಗಿಗಾಬೈಟ್, ಸಾಗಣೆ 86.4 ಗಿಗಾಬೈಟ್, 60 ವ್ಯಾಟ್.

ಜಿಟಿ 710 (2016ರಲ್ಲಿ ಅಂಗಡಿಗೆ ಬಂದ, ಡಿಡಿಆರ್3 ಸ್ಮೃತಿಯ ಕಾರ್ಡು): 192 ಕೋರ್, 954 ಮೆಗಾಹರ್ಟ್ಸ್, ಸಾಗಣೆ 14.4 ಗಿಗಾಬೈಟ್, 19 ವ್ಯಾಟ್.

ಪ್ರತಿ ಕೋರ್ ಗಡಿಯಾರದ ಒಂದು ಮಿಡಿತಕ್ಕೆ ಒಂದು ಗುಣಾಕಾರ, ಒಂದು ಸಂಕಲನ, ಹೀಗೆ ಎರಡು ಲೆಕ್ಕ ಮಾಡಬಲ್ಲದು. ಆದ್ದರಿಂದ ಗರಿಷ್ಠ ಲೆಕ್ಕಶಕ್ತಿ = ಕೋರ್ × ವೇಗ × 2.

480ಕ್ಕೆ: 480 × 1401 × 2 = 13,44,960. ಅಂದರೆ ಸೆಕೆಂಡಿಗೆ ಸುಮಾರು 1345 ಗಿಗಾಫ್ಲಾಪ್.
750 ಟಿಐಗೆ: 640 × 1020 × 2 = 13,05,600. ಅಂದರೆ ಸುಮಾರು 1306 ಗಿಗಾಫ್ಲಾಪ್.
710ಕ್ಕೆ: 192 × 954 × 2 = 3,66,336. ಅಂದರೆ ಸುಮಾರು 366 ಗಿಗಾಫ್ಲಾಪ್.

ಮೂರರಲ್ಲಿ ಕೊನೆಗೆ ಬಂದ 710 ಕಾರ್ಡಿನ ಲೆಕ್ಕಶಕ್ತಿ 2010ರ ಕಾರ್ಡಿನ ಶೇ. 27ರಷ್ಟು ಮಾತ್ರ. ಆರು ವರ್ಷ ಹೊಸದಾದರೂ ಅದು ಬೇರೆ ಕೆಲಸಕ್ಕೆ ಹುಟ್ಟಿದ್ದು: ಪರದೆಗೆ ಚಿತ್ರ ಕೊಡಬೇಕು, ವಿದ್ಯುತ್ ಕಡಿಮೆ ತಿನ್ನಬೇಕು, ಅಷ್ಟೇ. ಮೊದಲ ಎರಡು ಕಾರ್ಡುಗಳು ಲೆಕ್ಕಶಕ್ತಿಯಲ್ಲಿ ಹೆಚ್ಚುಕಡಿಮೆ ಸಮ. ಆದರೆ ಒಂದಕ್ಕೆ 250 ವ್ಯಾಟ್ ಬೇಕು, ಇನ್ನೊಂದಕ್ಕೆ 60 ಸಾಕು. ಪ್ರತಿ ವ್ಯಾಟಿಗೆ ಭಾಗಿಸಿದರೆ 480ಕ್ಕೆ ಸುಮಾರು 5.4, 750 ಟಿಐಗೆ ಸುಮಾರು 21.8. ನಾಲ್ಕೇ ವರ್ಷಗಳಲ್ಲಿ ಅದೇ ಕೆಲಸಕ್ಕೆ ಬೇಕಾದ ವಿದ್ಯುತ್ ಕಾಲು ಭಾಗಕ್ಕೆ ಇಳಿಯಿತು. ತಲೆಮಾರು ಬದಲಾದಾಗ ಸಿಗುವ ಲಾಭ ಹೆಚ್ಚಾಗಿ ಕಾಣುವುದು ಇಲ್ಲಿಯೇ.

ಇಲ್ಲಿ 710ರ ಲೆಕ್ಕವನ್ನೂ ಮಕ್ಕಳಿಂದ ಮಾಡಿಸಿ: 366 ÷ 19 = ಸುಮಾರು 19.3. ದಕ್ಷತೆಯಲ್ಲಿ ಅದು 480ಕ್ಕಿಂತ ಬಹಳ ಮುಂದಿದೆ, ಶಕ್ತಿಯಲ್ಲಿ ಬಹಳ ಹಿಂದಿದೆ. ಭಾಗಲಬ್ಧ ಒಂದೇ ನೋಡಿದರೆ ಕೆಲಸ ಆಗುತ್ತದೋ ಇಲ್ಲವೋ ತಿಳಿಯದು. ಒಟ್ಟು ಒಂದೇ ನೋಡಿದರೆ ಖರ್ಚು ತಿಳಿಯದು. ಎರಡನ್ನೂ ನೋಡಬೇಕು.

ವಾಡಿಯ ಹಳಿಗಳು ಮತ್ತು ಸ್ಮೃತಿಯ ಸಾಗಣೆ

ಕೆಲಸಗಾರರು ಎಷ್ಟೇ ಇರಲಿ, ಕಲ್ಲು ಬಂದು ತಲುಪದಿದ್ದರೆ ಕೈಕಟ್ಟಿ ಕೂರಬೇಕು. ಕಾರ್ಡಿನಲ್ಲಿ ಕೋರ್‌ಗಳಿಗೆ ಮಾಹಿತಿ ತಂದುಕೊಡುವುದು ಸ್ಮೃತಿ. ಅದರ ಸಾಗಣೆಯನ್ನು ವಿವರಿಸಲು ವಾಡಿ ಜಂಕ್ಷನ್ ಒಳ್ಳೆಯ ಸಾಧನ. ಅಲ್ಲಿಂದ ಒಂದು ದಾರಿ ಶಹಾಬಾದ್, ಕಲಬುರಗಿ ಮೂಲಕ ಸೊಲ್ಲಾಪುರದ ಕಡೆಗೆ, ಒಂದು ಯಾದಗಿರಿ, ರಾಯಚೂರು ಮೂಲಕ ಗುಂತಕಲ್ ಕಡೆಗೆ, ಇನ್ನೊಂದು ಚಿತ್ತಾಪುರ, ಸೇಡಂ ಮೂಲಕ ಸಿಕಂದರಾಬಾದ್ ಕಡೆಗೆ ಹೋಗುತ್ತದೆ. ಸಿಮೆಂಟ್ ತುಂಬಿದ ಗೂಡ್ಸ್ ಗಾಡಿಗಳನ್ನು ಮಕ್ಕಳು ಕಂಡಿದ್ದಾರೆ. ಒಂದು ಗಂಟೆಯಲ್ಲಿ ಎಷ್ಟು ಮಾಲು ಸಾಗುತ್ತದೆ ಎಂಬುದು ಹಳಿಗಳ ಸಂಖ್ಯೆ ಮತ್ತು ಪ್ರತಿ ಹಳಿಯ ಮೇಲೆ ಗಾಡಿ ಓಡುವ ದಟ್ಟಣೆ ಎರಡರ ಗುಣಲಬ್ಧ. ಕಾರ್ಡಿನಲ್ಲಿಯೂ ಹಾಗೆಯೇ: ತಂತಿಗಳ ಸಂಖ್ಯೆ × ಪ್ರತಿ ತಂತಿಯ ವೇಗ. ಬಂದ ಉತ್ತರ ಬಿಟ್‌ಗಳಲ್ಲಿರುವುದರಿಂದ 8ರಿಂದ ಭಾಗಿಸಿದರೆ ಬೈಟ್ ಸಿಗುತ್ತದೆ. 750 ಟಿಐಗೆ 128 × 5.4 ÷ 8 = 86.4.

ಈ ಅಳತೆ ಎಷ್ಟು ಮುಖ್ಯ ಎಂಬುದಕ್ಕೆ ಜಿಟಿ 1030 ಸಾಕ್ಷಿ. 2017ರಲ್ಲಿ ಬಂದ ಈ ಕಾರ್ಡಿನಲ್ಲಿ ಜಿಡಿಡಿಆರ್5 ಸ್ಮೃತಿ ಇತ್ತು, ಸಾಗಣೆ ಸೆಕೆಂಡಿಗೆ 48 ಗಿಗಾಬೈಟ್. 2018ರಲ್ಲಿ ಅದೇ ಹೆಸರಿನಲ್ಲಿ ಡಿಡಿಆರ್4 ಸ್ಮೃತಿಯ ಇನ್ನೊಂದು ಕಾರ್ಡು ಬಂತು, ಸಾಗಣೆ 16.8 ಗಿಗಾಬೈಟ್. ಕೋರ್‌ಗಳು ಎರಡರಲ್ಲೂ 384. ಹೆಸರು ಒಂದೇ, ಹೊಸದು ಒಂದು ವರ್ಷ ಚಿಕ್ಕದು, ಆದರೆ ಆಟಗಳಲ್ಲಿ ಅದು ಹಳೆಯದಕ್ಕಿಂತ ಬಹಳ ನಿಧಾನ. ಅಂಗಡಿಯಲ್ಲಿ ಡಬ್ಬಿಯ ಬದಿಯ ಸಣ್ಣ ಅಕ್ಷರ ಓದದೆ ಕೊಂಡವರಿಗೆ ಇದು ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ.

ಹಾಗಾದರೆ 480ಕ್ಕಿಂತ ಅರ್ಧದಷ್ಟೇ ಸಾಗಣೆ ಇರುವ 750 ಟಿಐ ಹೇಗೆ ಸರಿಸಮ ನಿಲ್ಲುತ್ತದೆ? ಜಾಣ ವಿದ್ಯಾರ್ಥಿ ಇದನ್ನು ಕೇಳಿಯೇ ಕೇಳುತ್ತಾನೆ. ಉತ್ತರ ಚಿಪ್ಪಿನೊಳಗಿನ ಗೋದಾಮಿನಲ್ಲಿದೆ. 480ರ ಎರಡನೆಯ ಹಂತದ ಕ್ಯಾಶ್ 768 ಕಿಲೋಬೈಟ್; 750 ಟಿಐಯದು 2 ಮೆಗಾಬೈಟ್. ಕಾರ್ಖಾನೆಯ ಒಳಗೇ ದೊಡ್ಡ ಗೋದಾಮಿದ್ದರೆ ಹೊರಗಿನಿಂದ ಪದೇಪದೇ ಮಾಲು ತರಿಸಬೇಕಿಲ್ಲ. 2021ರ ಆರ್‌ಟಿಎಕ್ಸ್ 3060 ಮತ್ತು 2023ರ 4060ರ ನಡುವೆಯೂ ಇದೇ ಕಥೆ. 3060ರಲ್ಲಿ 3584 ಕೋರ್, 12 ಗಿಗಾಬೈಟ್ ಸ್ಮೃತಿ, ಸಾಗಣೆ 360 ಗಿಗಾಬೈಟ್, 170 ವ್ಯಾಟ್. 4060ರಲ್ಲಿ 3072 ಕೋರ್, 8 ಗಿಗಾಬೈಟ್, 272 ಗಿಗಾಬೈಟ್, 115 ವ್ಯಾಟ್. ಪಟ್ಟಿ ನೋಡಿದರೆ ಹೊಸದೇ ಸೋತಂತೆ ಕಾಣುತ್ತದೆ. ಆದರೆ ಅದರ ಗಡಿಯಾರದ ವೇಗ ಹೆಚ್ಚು, ಕ್ಯಾಶ್ 3ರಿಂದ 24 ಮೆಗಾಬೈಟಿಗೆ ಏರಿದೆ. ಹಾಗಾಗಿ ಬಹುಪಾಲು ಆಟಗಳಲ್ಲಿ ಹೊಸದೇ ಮುಂದೆ. 8 ಗಿಗಾಬೈಟಿನೊಳಗೆ ಹಿಡಿಸದಷ್ಟು ದೊಡ್ಡ ಕೆಲಸ ಬಂದಾಗ ಮಾತ್ರ ಹಳೆಯದರ 12 ಗಿಗಾಬೈಟ್ ಗೆಲ್ಲುತ್ತದೆ. ‘ಯಾವುದು ಮೇಲು’ ಎಂಬ ಪ್ರಶ್ನೆಗೆ ‘ಯಾವ ಕೆಲಸಕ್ಕೆ’ ಎಂಬ ಮರುಪ್ರಶ್ನೆ ಹಾಕದೆ ಉತ್ತರವಿಲ್ಲ.

ಸರಾಸರಿ ಮುಚ್ಚಿಡುವ ಸಂಗತಿ

ಕಾಗದದ ಅಂಕಿ ಗರಿಷ್ಠ ಶಕ್ತಿಯನ್ನು ಹೇಳುತ್ತದೆ. ನಿಜವಾದ ಕೆಲಸವನ್ನು ಅಳೆಯಲು ಸೆಕೆಂಡಿಗೆ ಎಷ್ಟು ಚೌಕಟ್ಟು, ಅಂದರೆ ಫ್ರೇಮ್, ಮೂಡಿತು ಎಂದು ಎಣಿಸುತ್ತಾರೆ. ತರಗತಿಗಾಗಿ ಎರಡು ಕಲ್ಪಿತ ಕಾರ್ಡುಗಳನ್ನು ತೆಗೆದುಕೊಳ್ಳಿ. ಐದು ಚೌಕಟ್ಟುಗಳಿಗೆ ಮೊದಲನೆಯದು 20, 20, 20, 20, 20 ಮಿಲಿಸೆಕೆಂಡ್ ತೆಗೆದುಕೊಂಡಿತು. ಎರಡನೆಯದು 12, 12, 12, 12, 52 ತೆಗೆದುಕೊಂಡಿತು. ಎರಡರ ಮೊತ್ತವೂ 100. ಎರಡರ ಸರಾಸರಿಯೂ ಸೆಕೆಂಡಿಗೆ 50 ಚೌಕಟ್ಟು. ಆದರೆ ಎರಡನೆಯದರಲ್ಲಿ ಚಿತ್ರ ತಡವರಿಸುತ್ತದೆ, ಕಣ್ಣಿಗೆ ತಟ್ಟನೆ ಗೊತ್ತಾಗುತ್ತದೆ. ಸ್ಮೃತಿ ಸಾಲದ ಕಾರ್ಡುಗಳಲ್ಲಿ ಇಂಥ ತಡವರಿಕೆ ಸಾಮಾನ್ಯ. ಸರಾಸರಿಯ ಜೊತೆಗೆ ವ್ಯಾಪ್ತಿಯನ್ನೂ ಏಕೆ ಹೇಳಬೇಕು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಇನ್ನೊಂದು ಬಲೆ ಅನುಪಾತಗಳ ಸರಾಸರಿಯದು. ಒಂದು ಪರೀಕ್ಷೆಯಲ್ಲಿ ಹೊಸ ಕಾರ್ಡು ಹಳೆಯದರ 2 ಪಟ್ಟು, ಮತ್ತೊಂದರಲ್ಲಿ ಅರ್ಧ ಪಟ್ಟು ಬಂತೆನ್ನಿ. 2 ಮತ್ತು 0.5ರ ಸರಾಸರಿ 1.25, ಹೊಸದು ಶೇ. 25 ಮೇಲು ಎಂದಾಯಿತು. ಅದೇ ಫಲಿತಾಂಶವನ್ನು ತಿರುಗಿಸಿ ಹಳೆಯದನ್ನು ಹೊಸದರಿಂದ ಭಾಗಿಸಿ: 0.5 ಮತ್ತು 2, ಸರಾಸರಿ ಮತ್ತೆ 1.25. ಈಗ ಹಳೆಯದು ಶೇ. 25 ಮೇಲು! ಒಂದೇ ಅಳತೆಯಿಂದ ಎರಡು ವಿರುದ್ಧ ತೀರ್ಪು ಬಂದರೆ ತೀರ್ಪಿನ ವಿಧಾನದಲ್ಲೇ ದೋಷವಿದೆ. ಅನುಪಾತಗಳಿಗೆ ಗುಣೋತ್ತರ ಮಾಧ್ಯವನ್ನು ಬಳಸಬೇಕು: 2 × 0.5 = 1, ಅದರ ವರ್ಗಮೂಲ 1. ಅಂದರೆ ಎರಡೂ ಸಮ. ಕಂಪ್ಯೂಟರ್ ಪರೀಕ್ಷೆಗಳ ಈ ದೋಷವನ್ನು ಫ್ಲೆಮಿಂಗ್ ಮತ್ತು ವಾಲೇಸ್ ಎಂಬ ಇಬ್ಬರು 1986ರಲ್ಲೇ ತೋರಿಸಿಕೊಟ್ಟರು. ಗಣಿತದ ಪ್ರಶಿಕ್ಷಣಾರ್ಥಿಗಳು ಇದನ್ನು ಹತ್ತನೆಯ ತರಗತಿಯವರೆಗೂ ಧೈರ್ಯವಾಗಿ ಒಯ್ಯಬಹುದು.

ಧೂಳು, ಬಿಸಿಲು ಮತ್ತು ಸಮಾನ ಪರಿಸ್ಥಿತಿ

ವಿಜ್ಞಾನದ ಪ್ರಯೋಗದಲ್ಲಿ ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದುದನ್ನು ಸ್ಥಿರವಾಗಿಡಬೇಕು ಎಂದು ಕಲಿಸುತ್ತೇವೆ. ಕಾರ್ಡುಗಳ ಹೋಲಿಕೆಗೂ ಅದೇ ನಿಯಮ. ಒಂದೇ ಯಂತ್ರ, ಒಂದೇ ಪರದೆಯ ಅಳತೆ, ಒಂದೇ ತಂತ್ರಾಂಶ, ಒಂದೇ ಕೋಣೆ, ಕನಿಷ್ಠ ಮೂರು ಸಲ ಅಳತೆ.

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ಎಚ್ಚರಿಕೆ ಸೇರಿಸಬೇಕು. ಸುಣ್ಣದ ಕಲ್ಲಿನ ಗಣಿ, ಫರಸಿ ಪಾಲಿಶ್, ಸಿಮೆಂಟ್ ಕಾರ್ಖಾನೆಗಳ ಊರುಗಳಲ್ಲಿ ಸಣ್ಣ ಧೂಳು ಎಲ್ಲ ಕಡೆ ಕೂರುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ಕಾರ್ಡಿನ ಚಿಪ್ಪು ವಯಸ್ಸಾದಂತೆ ತಾನಾಗಿ ನಿಧಾನವಾಗುವುದಿಲ್ಲ. ಅದರ ಮೇಲಿನ ಲೋಹದ ರೆಕ್ಕೆಗಳ ಸಂದಿಯಲ್ಲಿ ಧೂಳು ತುಂಬಿದರೆ, ಶಾಖ ಸಾಗಿಸುವ ಪೇಸ್ಟ್ ಒಣಗಿದರೆ, ಚಿಪ್ಪು ಕಾಯುತ್ತದೆ. ಮಿತಿ ಮೀರಿದಾಗ ಸುಟ್ಟುಹೋಗದಿರಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಧೂಳು ತುಂಬಿದ ಹಳೆಯ ಕಾರ್ಡನ್ನು ಡಬ್ಬಿಯಿಂದ ತೆಗೆದ ಹೊಸ ಕಾರ್ಡಿನೊಡನೆ ಹೋಲಿಸಿದರೆ ನಾವು ಅಳೆದದ್ದು ತಲೆಮಾರಿನ ವ್ಯತ್ಯಾಸವನ್ನಲ್ಲ, ಧೂಳನ್ನು. ಮೊದಲು ಒರೆಸಿ, ಆಮೇಲೆ ಅಳೆಯಿರಿ.

ಕಾರ್ಡೇ ತಡೆಯೋ, ಬೇರೆ ಏನಾದರೂ ತಡೆಯೋ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಪರದೆಯ ಚುಕ್ಕೆಗಳ ಸಂಖ್ಯೆಯನ್ನು ಕಡಿಮೆ ಮಾಡಿ. ಚೌಕಟ್ಟುಗಳ ಸಂಖ್ಯೆ ಏರಿದರೆ ಕಾರ್ಡೇ ತಡೆಯಾಗಿತ್ತು. ಏರದಿದ್ದರೆ ತಡೆ ಹೆಚ್ಚಾಗಿ ಸಿಪಿಯುವಿನಲ್ಲಿದೆ. ಹೊಸ ಕಾರ್ಡು ಕೊಂಡರೆ ಹಣ ಹೋಗುತ್ತದೆ, ವೇಗ ಬಾರದು.

ಹಳಿಯಿಲ್ಲದ ಊರಿಗೆ ರೈಲು

ಚಿಂಚೋಳಿಗೆ ರೈಲು ಹಳಿ ಇಲ್ಲ. ಎಷ್ಟು ಒಳ್ಳೆಯ ಎಂಜಿನ್ ತಂದರೂ ಅಲ್ಲಿ ಓಡಿಸಲಾಗದು, ಬಸ್ಸೇ ಸರಿ. ಕಾರ್ಡಿಗೂ ಹೀಗೆ ‘ಹಳಿ’ ಬೇಕು. 480 ಕಾರ್ಡಿಗೆ ಮದರ್‌ಬೋರ್ಡಿನ ಸ್ಲಾಟ್ ಜೊತೆಗೆ ಎರಡು ಪ್ರತ್ಯೇಕ ವಿದ್ಯುತ್ ಜೋಡಣೆಗಳು ಬೇಕು. ತಯಾರಕರು 600 ವ್ಯಾಟಿನ ವಿದ್ಯುತ್ ಪೂರೈಕೆ ಘಟಕವನ್ನು ಸೂಚಿಸಿದ್ದರು. ಮೂಲ ವಿನ್ಯಾಸದ 750 ಟಿಐಗೆ ಸ್ಲಾಟಿನಿಂದ ಬರುವ ವಿದ್ಯುತ್ತೇ ಸಾಕು. ಕಚೇರಿ ಬಳಕೆಯ ಸಾಮಾನ್ಯ ಕಂಪ್ಯೂಟರಿಗೆ ಮೊದಲನೆಯದು ಹೊಂದುವುದೇ ಇಲ್ಲ.

ಚಾಲಕ ತಂತ್ರಾಂಶದ ಮಾತೂ ಇದೆ. 480ರ ತಲೆಮಾರಿಗೆ ಹೊಸ ಚಾಲಕ ಕೊಡುವುದನ್ನು ಕಂಪನಿ 2018ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಭದ್ರತಾ ತಿದ್ದುಪಡಿಗಳು 2019ರ ಜನವರಿಗೆ ಮುಗಿದವು. 1030ರಂಥ ಸಣ್ಣ ಕಾರ್ಡು ಎಚ್‌ಇವಿಸಿ, ವಿಪಿ9 ಬಗೆಯ ವಿಡಿಯೋಗಳನ್ನು ತಾನೇ ಬಿಚ್ಚಿ ತೋರಿಸಬಲ್ಲದು. 480ಕ್ಕೆ ಆ ಯಂತ್ರಾಂಗವೇ ಇಲ್ಲ, ಆ ಭಾರವೆಲ್ಲ ಸಿಪಿಯು ಮೇಲೆ ಬೀಳುತ್ತದೆ. ಲೆಕ್ಕಶಕ್ತಿ ಹೆಚ್ಚಿದ್ದರೂ ಪಾಠದ ವಿಡಿಯೋ ತೋರಿಸಲು ಹಳೆಯದು ಹಿಂದೆ ಬೀಳುವುದು ಹೀಗೆ.

ದಾನವಾಗಿ ಬಂದ ಹಳೆಯ ಯಂತ್ರದ ಬಗ್ಗೆಯೂ ಲೆಕ್ಕ ಮಾಡಿಸಿ. 480 ಮತ್ತು 750 ಟಿಐ ನಡುವಿನ ಅಂತರ 190 ವ್ಯಾಟ್. ಪೂರ್ಣ ಹೊರೆಯಲ್ಲಿ ದಿನಕ್ಕೆ 4 ಗಂಟೆ, ವರ್ಷಕ್ಕೆ 200 ದಿನ ಓಡಿಸಿದರೆ 0.19 × 4 × 200 = 152 ಯೂನಿಟ್. ಲೆಕ್ಕಕ್ಕಾಗಿ ಯೂನಿಟ್‌ಗೆ 7 ರೂಪಾಯಿ ಹಿಡಿದರೆ ಒಂದು ಯಂತ್ರಕ್ಕೆ 1064 ರೂಪಾಯಿ, ಹತ್ತು ಯಂತ್ರಕ್ಕೆ 10,640 ರೂಪಾಯಿ. ಪುಕ್ಕಟೆ ಬಂದದ್ದು ಪುಕ್ಕಟೆ ಅಲ್ಲ ಎಂಬುದು ಮಕ್ಕಳಿಗೂ, ಶಾಲಾ ಸಮಿತಿಗೂ ತಿಳಿಯುತ್ತದೆ. ಶಾಲೆಯ ಕೆಲಸವೇನು ಎಂದೂ ಕೇಳಿಕೊಳ್ಳಬೇಕು. ನುಡಿಯಲ್ಲಿ ಟೈಪಿಂಗ್, ಜಿಯೋಜಿಬ್ರಾ, ಪಾಠದ ವಿಡಿಯೋ ಇಷ್ಟೇ ಆದರೆ ಈಚಿನ ಸಿಪಿಯು ಒಳಗೇ ಇರುವ ಗ್ರಾಫಿಕ್ಸ್ ಸಾಕು. ಪ್ರತ್ಯೇಕ ಕಾರ್ಡೇ ಬೇಡ. ಉಳಿದ ಹಣ ಸ್ಮೃತಿಗೋ ಯುಪಿಎಸ್ಸಿಗೋ ಹೋಗಲಿ.

ಪಾಠಯೋಜನೆಯಲ್ಲಿ ಅಳವಡಿಕೆ

ಈ ಪಾಠಕ್ಕೆ ಗ್ರಾಫಿಕ್ಸ್ ಕಾರ್ಡು ಬೇಕಾಗಿಲ್ಲ, ಕಂಪ್ಯೂಟರೂ ಬೇಕಾಗಿಲ್ಲ. 40 ನಿಮಿಷದ ಅವಧಿಗೆ ನಾನು ಸೂಚಿಸುವ ಕ್ರಮ ಇದು.

ಪ್ರೇರಣೆ (5 ನಿಮಿಷ): ಮೂರು ಹೆಸರು ಬರೆದು ಊಹೆ ಕೇಳಿ. ಉತ್ತರಗಳನ್ನು ಹಲಗೆಯ ಮೂಲೆಯಲ್ಲಿ ಅಳಿಸದೆ ಉಳಿಸಿ.

ಚಟುವಟಿಕೆ (12 ನಿಮಿಷ): ಗ್ರಾಫ್ ಹಾಳೆಯಲ್ಲಿ 64 ಚೌಕಗಳು. ಮೊದಲು ಒಬ್ಬ ವಿದ್ಯಾರ್ಥಿ ಬಣ್ಣ ತುಂಬಲಿ, ಸಮಯ ಬರೆಯಿರಿ. ಆಮೇಲೆ ಹಾಳೆಯನ್ನು ಎಂಟು ತುಂಡು ಮಾಡಿ ಎಂಟು ಮಂದಿಗೆ ಕೊಡಿ, ಪ್ರತಿಯೊಬ್ಬನಿಗೂ ಬಣ್ಣದ ಕಡ್ಡಿ ಇರಲಿ. ಮೂರನೆಯ ಸಲ ಅದೇ ಎಂಟು ಮಂದಿಗೆ ಎರಡೇ ಕಡ್ಡಿ ಕೊಡಿ. ಎಂಟು ಮಂದಿ ಇದ್ದರೂ ಕೆಲಸ ಎಂಟು ಪಟ್ಟು ಬೇಗ ಮುಗಿಯದು. ಕೋರ್ ಮತ್ತು ಸಾಗಣೆಯ ಸಂಬಂಧ ಮಕ್ಕಳ ಕೈಯಲ್ಲೇ ಇದೆ. ಪದಗಳನ್ನು ಆಮೇಲೆ ಪರಿಚಯಿಸಿ.

ಲೆಕ್ಕ (13 ನಿಮಿಷ): ಮೂರು ಕಾರ್ಡುಗಳ ಅಂಕಿಗಳನ್ನು ರಟ್ಟಿನ ಮೇಲೆ ಬರೆದು ಗುಂಪುಗಳಿಗೆ ಹಂಚಿ. ಒಂದು ಗುಂಪು ಒಟ್ಟು ಶಕ್ತಿ, ಒಂದು ಗುಂಪು ಪ್ರತಿ ವ್ಯಾಟಿನ ಶಕ್ತಿ, ಒಂದು ಗುಂಪು ವಿದ್ಯುತ್ ಖರ್ಚು ತೆಗೆಯಲಿ. ಮೂರು ಗುಂಪಿನ ‘ಗೆದ್ದ ಕಾರ್ಡು’ ಬೇರೆಬೇರೆ ಬಂದಾಗ ಚರ್ಚೆ ತಾನಾಗಿ ಹುಟ್ಟುತ್ತದೆ. ಆಗ ಶಿಕ್ಷಕರು ಅವಸರದಿಂದ ತೀರ್ಪು ಕೊಡಬಾರದು.

ಮೌಲ್ಯಮಾಪನ (10 ನಿಮಿಷ): ಮೂರು ಪ್ರಶ್ನೆ ಸಾಕು. ಒಂದು: ಸ್ಟುಡಿಯೋ ನಡೆಸುವವರಿಗೆ, ಶಾಲೆಯ ಪ್ರಯೋಗಾಲಯಕ್ಕೆ, ಮನೆಯಲ್ಲಿ ಓದಲು, ಈ ಮೂರಕ್ಕೂ ಒಂದೇ ಕಾರ್ಡು ಸೂಕ್ತವೇ? ಕಾರಣ ಕೊಡಿ. ಎರಡು: ಇಬ್ಬರು ಬೇರೆಬೇರೆ ಕೋಣೆಯಲ್ಲಿ ಅಳೆದ ಫಲಿತಾಂಶವನ್ನು ಹೋಲಿಸುವ ಮೊದಲು ಏನೇನು ಕೇಳುವಿರಿ? ಮೂರು: ಹಲಗೆಯ ಮೂಲೆಯಲ್ಲಿ ಉಳಿದಿರುವ ನಿಮ್ಮ ಮೊದಲ ಊಹೆಯನ್ನು ಯಾವ ಅಂಕಿ ಬದಲಿಸಿತು?

ಮೂರನೆಯ ಪ್ರಶ್ನೆಯ ಉತ್ತರವನ್ನು ಪ್ರಶಿಕ್ಷಣಾರ್ಥಿಗಳು ತಮ್ಮ ಅವಲೋಕನ ಪುಸ್ತಕದಲ್ಲಿ ಮಕ್ಕಳ ಮಾತಿನಲ್ಲೇ ಬರೆದುಕೊಳ್ಳಲಿ. ಕಾರ್ಡುಗಳ ಹೆಸರು ನಾಲ್ಕು ವರ್ಷದಲ್ಲಿ ಹಳತಾಗುತ್ತವೆ. ಮುಂದೆ ಪಂಪ್‌ಸೆಟ್, ಮೊಬೈಲ್, ಟ್ರ್ಯಾಕ್ಟರ್ ಯಾವುದನ್ನೇ ಕೊಳ್ಳಲು ಹೋದರೂ ಆ ಮಗು ‘ಯಾವ ಕೆಲಸಕ್ಕೆ, ಎಷ್ಟು ಖರ್ಚಿಗೆ, ಹೇಗೆ ಅಳೆದದ್ದು?’ ಎಂದು ಕೇಳಿದರೆ ಪಾಠ ಮುಟ್ಟಿತೆಂದು ತಿಳಿಯಬಹುದು.